ಆಂಟೆನಾದಿಂದ ಹಾರ್ಡ್ ಡಿಸ್ಕ್‌ವರೆಗೆ: ಎಚ್‌ಡಿ ಟಿವಿ ರೆಕಾರ್ಡಿಂಗ್‌ಗೆ ಟ್ಯೂನರ್ ಕಾರ್ಡಿನ ಆಯ್ಕೆ

ಕಂಪ್ಯೂಟರಿಗೆ ಟಿವಿ ಟ್ಯೂನರ್ ಕೊಳ್ಳಲು ಹೊರಟವರು ಬಹುಮಟ್ಟಿಗೆ ಮೊದಲು ಕೇಳುವುದು, ಯಾವ ಕಾರ್ಡಿನಲ್ಲಿ ಚಿತ್ರ ಹೆಚ್ಚು ಸ್ಪಷ್ಟವಾಗಿ ಬರುತ್ತದೆ ಎಂದು. ಅನಲಾಗ್ ಪ್ರಸಾರದ ಕಾಲದಲ್ಲಿ ಇದು ತೂಕದ ಪ್ರಶ್ನೆಯೇ ಆಗಿತ್ತು. ಹಾಪಾಗ್ ಕಂಪನಿಯ ಪಿವಿಆರ್-150, ಪಿವಿಆರ್-250ರಂಥ ಕಾರ್ಡುಗಳು ಬಂದ ಚಿತ್ರವನ್ನು ತಮ್ಮಲ್ಲಿನ ಚಿಪ್ಪಿನಿಂದಲೇ ಎಂಪೆಗ್-2 ಎಂಬ ಕುಗ್ಗಿಸಿದ ಡಿಜಿಟಲ್ ರೂಪಕ್ಕೆ ಪರಿವರ್ತಿಸುತ್ತಿದ್ದುದರಿಂದ ಚಿಪ್ಪಿನ ಗುಣ ರೆಕಾರ್ಡಿಂಗಿನಲ್ಲಿ ನೇರವಾಗಿ ಕಾಣುತ್ತಿತ್ತು. ಡಿಜಿಟಲ್ ಪ್ರಸಾರದಲ್ಲಿ ಆ ಕೆಲಸವೆಲ್ಲ ಪ್ರಸಾರ ಕೇಂದ್ರದಲ್ಲಿಯೇ ಮುಗಿದಿರುತ್ತದೆ. ಟ್ಯೂನರ್ ಮಾಡುವುದು ಇಷ್ಟೇ: ಗಾಳಿಯಲ್ಲಿ ಬಂದ ಅಲೆಯಿಂದ 188 ಬೈಟುಗಳ ಪ್ಯಾಕೆಟ್‌ಗಳನ್ನು ಬಿಡಿಸಿ ಕಂಪ್ಯೂಟರಿಗೆ ಒಪ್ಪಿಸುವುದು. ಮುಚ್ಚಿದ ಲಕೋಟೆಯನ್ನು ತೆರೆಯದೆ ಮನೆಗೆ ಮುಟ್ಟಿಸುವ ಅಂಚೆಯವನ ಕೆಲಸದಂತೆ ಇದು. ದಾರಿಯಲ್ಲಿ ಒಂದು ಪ್ಯಾಕೆಟ್ ಕೂಡ ಕಳೆದುಹೋಗದಿದ್ದರೆ, ತೀರಾ ಅಗ್ಗದ ಕಾರ್ಡೂ ತೀರಾ ದುಬಾರಿ ಕಾರ್ಡೂ ಒಂದೇ ಕಾರ್ಯಕ್ರಮಕ್ಕೆ ಕೊಡುವ ಚಿತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲೆ ಚಿತ್ರದ ಗುಣಮಟ್ಟದ ಬಗ್ಗೆ ಮುದ್ರಿಸಿರುವ ಮಾತುಗಳನ್ನು ಪಕ್ಕಕ್ಕಿಟ್ಟು, ಪ್ಯಾಕೆಟ್ ಕಳೆಯದಿರುವುದರಲ್ಲಿ ಕಾರ್ಡು ಎಷ್ಟು ಗಟ್ಟಿ, ಇನ್ನೆಷ್ಟು ವರ್ಷ ಅದಕ್ಕೆ ಡ್ರೈವರ್ (ಕಾರ್ಡನ್ನು ಕಂಪ್ಯೂಟರಿನೊಡನೆ ಬೆಸೆಯುವ ಸಾಫ್ಟ್‌ವೇರ್) ದೊರೆಯುತ್ತದೆ ಎಂಬ ಎರಡು ಅಂಶಗಳಿಂದಲೇ ಅದನ್ನು ಒರೆಗೆ ಹಚ್ಚಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೂ ಮೊದಲು ನೋಡಬೇಕಾದದ್ದು ಪ್ರಸಾರದ ಮಾನದಂಡ. ಉತ್ತರ ಅಮೆರಿಕ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಎಟಿಎಸ್‌ಸಿ, ಯುರೋಪಿನಲ್ಲಿಯೂ ಏಷ್ಯಾ ಮತ್ತು ಆಫ್ರಿಕಾಗಳ ಅನೇಕ ದೇಶಗಳಲ್ಲಿಯೂ ಡಿವಿಬಿ-ಟಿ ಅಥವಾ ಅದರ ಮುಂದಿನ ರೂಪವಾದ ಡಿವಿಬಿ-ಟಿ2, ಜಪಾನ್ ಮತ್ತು ಬ್ರೆಜಿಲ್‌ಗಳಲ್ಲಿ ಐಎಸ್‌ಡಿಬಿ-ಟಿ ಬಳಕೆಯಲ್ಲಿವೆ. ಒಂದು ಮಾನದಂಡಕ್ಕಾಗಿ ತಯಾರಾದ ಕಾರ್ಡನ್ನು ಸಾಫ್ಟ್‌ವೇರ್ ಬದಲಿಸಿ ಮತ್ತೊಂದಕ್ಕೆ ಒಗ್ಗಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ, ಏಕೆಂದರೆ ಅಲೆಯನ್ನು ಬಿಡಿಸುವ ಡಿಮಾಡ್ಯುಲೇಟರ್ ಚಿಪ್ಪೇ ಬೇರೆಯಾಗಿರುತ್ತದೆ. ಒಂದೇ ಹೆಸರಿನ ಕಾರ್ಡು ಎರಡು ಮಾನದಂಡಗಳಲ್ಲಿ ಮಾರಾಟವಾಗುವುದೂ ಉಂಟು. ಹಾಪಾಗ್ ವಿನ್‌ಟಿವಿ-ಕ್ವಾಡ್ಎಚ್‌ಡಿಯಲ್ಲಿ ಎಟಿಎಸ್‌ಸಿಗೆ ಒಂದು ಆವೃತ್ತಿ, ಡಿವಿಬಿಗೆ ಮತ್ತೊಂದು ಆವೃತ್ತಿ ಇದೆ. ಹಳೆಯ ಕಾರ್ಡನ್ನು ಇನ್ನೊಬ್ಬರಿಂದ ಕೊಳ್ಳುವವರು ಹೆಸರನ್ನಷ್ಟೇ ನಂಬದೆ ಕಾರ್ಡಿನ ಮೇಲೆ ಅಂಟಿಸಿರುವ ಮಾದರಿ ಸಂಖ್ಯೆಯನ್ನು ಓದಿಯೇ ಮುಂದುವರಿಯಬೇಕು. ಡಿವಿಬಿ-ಟಿ ಮಾತ್ರ ಬಲ್ಲ ಹಳೆಯ ಕಾರ್ಡಿಗೆ ಡಿವಿಬಿ-ಟಿ2 ಪ್ರಸಾರ ಸಿಗುವುದಿಲ್ಲ ಎಂಬುದನ್ನೂ ಮರೆಯಬಾರದು. ಬ್ರಿಟನ್ನಿನಲ್ಲಿ ಆಂಟೆನಾಕ್ಕೆ ಬರುವ ಎಚ್‌ಡಿ ಚಾನೆಲ್‌ಗಳು ಟಿ2 ಮೂಲಕವೇ ಬರುವುದರಿಂದ, ಅಂಥ ಕಾರ್ಡು ಅಲ್ಲಿ ಎಚ್‌ಡಿಯ ಮಟ್ಟಿಗೆ ನಿಷ್ಪ್ರಯೋಜಕ.

ಇನ್ನು ಗ್ರಹಣ ಶಕ್ತಿಯ ವಿಚಾರ. ಕಾರ್ಡು ಕಾರ್ಡುಗಳ ನಡುವಿನ ನಿಜವಾದ ಅಂತರ ಕಾಣಿಸುವುದು ಇಲ್ಲಿಯೇ. ಎಟಿಎಸ್‌ಸಿಯ ಮೊದಲ ಆವೃತ್ತಿ ಬಳಸುವ 8-ವಿಎಸ್‌ಬಿ ವಿಧಾನದಲ್ಲಿ ಸಿಗ್ನಲ್ ತನ್ನೊಡನೆ ಬೆರೆತ ಬೇಡದ ವಿದ್ಯುತ್ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿದ್ದರೆ ಚಿತ್ರ ಪರಿಪೂರ್ಣವಾಗಿರುತ್ತದೆ, ಅದಕ್ಕಿಂತ ತುಸು ಇಳಿದರೆ ಪೂರ್ತಿ ಕುಸಿಯುತ್ತದೆ. ಅನಲಾಗ್‌ನಲ್ಲಿ ಇದ್ದಂತೆ ಮಸುಕಾಗಿಯಾದರೂ ನೋಡಬಹುದೆಂಬ ನಡುವಿನ ಸ್ಥಿತಿ ಇಲ್ಲಿ ಇಲ್ಲವೆಂದೇ ಹೇಳಬೇಕು. ಟಿವಿ ನೋಡುತ್ತಿರುವವರು ಎದ್ದುಹೋಗಿ ಆಂಟೆನಾ ತಿರುಗಿಸಿಯಾರು. ಯಾರೂ ಇಲ್ಲದ ಹೊತ್ತಿನಲ್ಲಿ ತಾನಾಗಿಯೇ ನಡೆಯುವ ರೆಕಾರ್ಡಿಂಗಿಗೆ ಆ ಅನುಕೂಲವಿಲ್ಲ. ಹಾಗಾಗಿ ನೇರವಾಗಿ ನೋಡುವುದಕ್ಕೆ ಸಾಕೆನಿಸುವ ಕಾರ್ಡು ರೆಕಾರ್ಡಿಂಗಿಗೂ ಸಾಕೆಂದು ಭಾವಿಸುವಂತಿಲ್ಲ.

ಸಿಗ್ನಲ್ ತೋರಿಸುವ ಪರದೆಯನ್ನು ತೆರೆದಿಟ್ಟುಕೊಂಡು ಸ್ವಲ್ಪ ಹೊತ್ತು ಕೂತರೆ ಈ ಸಂಗತಿ ಕಣ್ಣಿಗೆ ಕಟ್ಟುತ್ತದೆ. ಸಮೀಪದ ಕೇಂದ್ರದ ಸಂಖ್ಯೆ 28 ಡೆಸಿಬೆಲ್ಲಿನ ಆಸುಪಾಸಿನಲ್ಲಿ ಅಲುಗಾಡದೆ ನಿಂತಿರುತ್ತದೆ, ಕೆಟ್ಟುಬಂದು ಸರಿಪಡಿಸಲಾಗದ ದತ್ತಾಂಶದ ತುಂಡುಗಳನ್ನು (ಬ್ಲಾಕ್) ಎಣಿಸುವ ಕಾಲಂ ಸೊನ್ನೆಯಲ್ಲೇ ಇರುತ್ತದೆ. ದೂರದ ಕೇಂದ್ರಕ್ಕೆ ಬದಲಿಸಿದರೆ ಸಂಖ್ಯೆ 17ಕ್ಕೂ 15ಕ್ಕೂ ನಡುವೆ ತೂಗಾಡುತ್ತದೆ. ಗಾಳಿಗೆ ಎದುರಿನ ಮರ ಅಲ್ಲಾಡಿದಾಗ ಅಥವಾ ದೊಡ್ಡ ಲಾರಿಯೊಂದು ಹಾದುಹೋದಾಗ ಆ ಕಾಲಂ ಸೊನ್ನೆಯಿಂದ ಏಕಾಏಕಿ ನೂರಾರಕ್ಕೆ ಜಿಗಿಯುತ್ತದೆ. ಆ ಕ್ಷಣದ ರೆಕಾರ್ಡಿಂಗ್ ತೆರೆದು ನೋಡಿದರೆ ವಾರ್ತೆ ಓದುವವರ ಮುಖದ ಅರ್ಧ ಭಾಗ ಚೌಕ ಚೌಕವಾಗಿ ಒಡೆದಿರುತ್ತದೆ, ಕುತ್ತಿಗೆಯ ಕೆಳಗೆ ಹಿಂದಿನ ದೃಶ್ಯದ ಬಣ್ಣ ಹಾಗೆಯೇ ಉಳಿದಿರುತ್ತದೆ, ಮಾತಿನ ನಡುವೆ ಒಂದು ಪದವೇ ನುಂಗಿಹೋಗಿರುತ್ತದೆ. ಕಟ್ಟಡಗಳಿಗೆ ಬಡಿದು ಪ್ರತಿಫಲಿಸಿದ ಅಲೆಗಳು ತಡವಾಗಿ ಬಂದು ಮೂಲ ಅಲೆಯೊಡನೆ ಕಲೆಯುವುದು ಇದಕ್ಕೆ ಒಂದು ಮುಖ್ಯ ಕಾರಣ. ಮೊದಮೊದಲ ಎಟಿಎಸ್‌ಸಿ ಕಾರ್ಡುಗಳು ಈ ಪ್ರತಿಫಲನದ ಎದುರು ತೀರಾ ದುರ್ಬಲವಾಗಿದ್ದವು. ನಂತರದ ಚಿಪ್ಪುಗಳು ಅದನ್ನು ಬಹಳ ಚೆನ್ನಾಗಿ ನಿಭಾಯಿಸುತ್ತವೆ. ಕ್ವಾಡ್ಎಚ್‌ಡಿಯ ಎಟಿಎಸ್‌ಸಿ ಆವೃತ್ತಿಯಲ್ಲಿ ಸಿಲಿಕಾನ್ ಲ್ಯಾಬ್ಸ್‌ನ ಎಸ್‌ಐ2157 ಟ್ಯೂನರ್ ಚಿಪ್ಪೂ ಎಲ್‌ಜಿಯ ಎಲ್‌ಜಿಡಿಟಿ3306ಎ ಡಿಮಾಡ್ಯುಲೇಟರೂ ಇವೆ, ಮತ್ತು ಈ ಜೋಡಿ ನನಗೆ ಮೆಚ್ಚುಗೆಯಾಗಿದೆ. ಕಾರ್ಡಿನ ಹೆಸರಿಗಿಂತ ಅದರೊಳಗಿನ ಚಿಪ್ಪಿನ ಹೆಸರು ಹೆಚ್ಚು ವಿಷಯ ತಿಳಿಸುತ್ತದೆ, ಆದ್ದರಿಂದ ಕೊಳ್ಳುವ ಮುನ್ನ ಅದನ್ನು ಹುಡುಕಿ ತಿಳಿದುಕೊಳ್ಳುವ ಶ್ರಮ ವ್ಯರ್ಥವಾಗುವುದಿಲ್ಲ.

ಆಂಟೆನಾದ ಒಂದೇ ತಂತಿಯನ್ನು ಎರಡಾಗಿ ಕವಲೊಡೆಸಿದರೆ ಪ್ರತಿ ಕವಲಿನಲ್ಲೂ ಸುಮಾರು 3.5 ಡೆಸಿಬೆಲ್, ನಾಲ್ಕಾಗಿ ಕವಲೊಡೆಸಿದರೆ ಸುಮಾರು 7 ಡೆಸಿಬೆಲ್ ಕಡಿಮೆಯಾಗುತ್ತದೆ. ಮೇಲೆ ಹೇಳಿದ ದೂರದ ಕೇಂದ್ರಕ್ಕೆ ಇದು ಸಾವು ಬದುಕಿನ ಪ್ರಶ್ನೆ. ಒಂದೇ ಆಂಟೆನಾ ಕಿಂಡಿಯಿಂದ ನಾಲ್ಕು ಟ್ಯೂನರುಗಳಿಗೆ ತಾನೇ ಹಂಚಿಕೊಳ್ಳುವ ಕಾರ್ಡನ್ನು ಕೊಂಡರೆ ಹೊರಗಿನ ಕವಲು ಪೆಟ್ಟಿಗೆಗಳೂ ಅವುಗಳ ಸಡಿಲ ತಿರುಪುಗಳೂ ತಪ್ಪುತ್ತವೆ. ಇಷ್ಟಾದರೂ ಸಿಗ್ನಲ್ ಸಾಲದಿದ್ದರೆ ಬೂಸ್ಟರನ್ನು ಕಂಪ್ಯೂಟರಿನ ಬಳಿ ಅಲ್ಲ, ಆಂಟೆನಾದ ಬುಡದಲ್ಲೇ ಹಾಕಬೇಕು; ಉದ್ದದ ಕೇಬಲ್ಲಿನಲ್ಲಿ ಸೋರಿಹೋದ ಮೇಲೆ ಹೆಚ್ಚಿಸಿದರೆ ಗದ್ದಲವೂ ಜೊತೆಗೇ ಹೆಚ್ಚುತ್ತದೆ. ಪ್ರಸಾರ ಗೋಪುರ ಹತ್ತಿರವೇ ಇರುವವರು ಬೂಸ್ಟರಿನ ಗೋಜಿಗೆ ಹೋಗದಿರುವುದೇ ಲೇಸು, ಏಕೆಂದರೆ ಅತಿಯಾದ ಸಿಗ್ನಲ್ಲಿನಿಂದಲೂ ಟ್ಯೂನರ್ ತತ್ತರಿಸಿ ಪ್ಯಾಕೆಟ್ ಕಳೆದುಕೊಳ್ಳುತ್ತದೆ.

ಎಷ್ಟು ಟ್ಯೂನರುಗಳು ಬೇಕೆಂಬುದನ್ನು ಲೆಕ್ಕ ಹಾಕುವಾಗ ಅನೇಕರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಟ್ಯೂನರ್ ಹಿಡಿಯುವುದು ಒಂದು ಚಾನೆಲ್ಲನ್ನಲ್ಲ, ಒಂದು ತರಂಗಾಂತರದಲ್ಲಿ ಒಟ್ಟಾಗಿ ಬರುವ ಚಾನೆಲ್‌ಗಳ ಇಡೀ ಗುಚ್ಛವನ್ನು. ಮಿಥ್‌ಟಿವಿ, ಟಿವಿಹೆಡ್‌ಎಂಡ್ ಮುಂತಾದ ಸಾಫ್ಟ್‌ವೇರ್‌ಗಳು ಒಂದೇ ಗುಚ್ಛಕ್ಕೆ ಸೇರಿದ ಎರಡು ಮೂರು ಕಾರ್ಯಕ್ರಮಗಳನ್ನು ಒಂದೇ ಟ್ಯೂನರಿನಿಂದ ಏಕಕಾಲದಲ್ಲಿ ರೆಕಾರ್ಡ್ ಮಾಡಬಲ್ಲವು. ಹಾಗಾಗಿ ಒಬ್ಬರೇ ನೋಡುವ ಮನೆಗೆ ಎರಡು ಟ್ಯೂನರ್ ಧಾರಾಳ. ನಾಲ್ಕು ಬೇಕಾಗುವುದು ಮನೆಯವರು ಬೇರೆ ಬೇರೆ ಕೋಣೆಗಳಲ್ಲಿ ನೇರ ಪ್ರಸಾರವನ್ನೂ ನೋಡುವಾಗ, ಇಲ್ಲವೇ ಒಂದು ಕಾರ್ಯಕ್ರಮ ನಿಗದಿತ ಹೊತ್ತಿಗಿಂತ ಲಂಬಿಸಿದರೂ ಮುಂದಿನದರ ಆರಂಭ ತಪ್ಪಬಾರದೆಂದು ಎರಡೂ ತುದಿಗಳಲ್ಲಿ ಕೆಲವು ನಿಮಿಷ ಹೆಚ್ಚುವರಿಯಾಗಿ ರೆಕಾರ್ಡ್ ಮಾಡುವಾಗ. ಕ್ರೀಡೆಯನ್ನು ರೆಕಾರ್ಡ್ ಮಾಡುವವರಿಗೆ ಈ ಎರಡನೆಯ ಕಾರಣವೊಂದೇ ಸಾಕು.

ಕಾರ್ಡು ಕೂರುವ ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಪಿಸಿಐ ಸ್ಲಾಟು ಈಗಿನ ಮದರ್‌ಬೋರ್ಡುಗಳಲ್ಲಿ ಕಾಣಸಿಗುವುದೇ ಅಪರೂಪ, ಆದ್ದರಿಂದ ಎಷ್ಟೇ ಅಗ್ಗವಾಗಿ ಸಿಕ್ಕರೂ ಪಿಸಿಐ ಕಾರ್ಡು ಬೇಡ. ಪಿಸಿಐ ಎಕ್ಸ್‌ಪ್ರೆಸ್‌ನ ಅತಿ ಚಿಕ್ಕ ಸ್ಲಾಟೇ ನಾಲ್ಕು ಟ್ಯೂನರುಗಳಿಗೆ ಬೇಕಾದಷ್ಟು ವೇಗ ಕೊಡುತ್ತದೆ. ಕಂಪ್ಯೂಟರಿನ ಕವಚ ತೆಳುವಾಗಿದ್ದರೆ ಅರ್ಧ ಎತ್ತರದ ಪಟ್ಟಿ ಪೆಟ್ಟಿಗೆಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಯುಎಸ್‌ಬಿ ಕಡ್ಡಿಗಳು ಅನುಕೂಲಕರವಾದರೂ ತಾಸುಗಟ್ಟಲೆ ನಡೆಯುವ ರೆಕಾರ್ಡಿಂಗಿನಲ್ಲಿ ಕೆಲವು ವಿಪರೀತ ಬಿಸಿಯಾಗುತ್ತವೆ, ಮತ್ತು ವಿದ್ಯುತ್ ಸಾಲದ ಹಬ್ಬಿಗೆ ಚುಚ್ಚಿದರೆ ನಡುವೆಯೇ ಸಂಪರ್ಕ ಕಡಿದುಕೊಳ್ಳುತ್ತವೆ.

ಕಾರ್ಡಿಗೆ ಪರ್ಯಾಯವಾಗಿ ಸಿಲಿಕಾನ್‌ಡಸ್ಟ್ ಕಂಪನಿಯ ಎಚ್‌ಡಿಹೋಮ್‌ರನ್ ಪೆಟ್ಟಿಗೆಯನ್ನು ಗಂಭೀರವಾಗಿ ಪರಿಗಣಿಸಬೇಕು. ಅದು ಕಂಪ್ಯೂಟರಿನೊಳಗೆ ಕೂರುವುದೇ ಇಲ್ಲ. ಆಂಟೆನಾದ ತಂತಿಯನ್ನು ಒಂದು ಕಡೆ, ನೆಟ್‌ವರ್ಕ್ ತಂತಿಯನ್ನು ಇನ್ನೊಂದು ಕಡೆ ಪಡೆದು ಮನೆಯ ಎಲ್ಲ ಕಂಪ್ಯೂಟರುಗಳಿಗೂ ಪ್ರಸಾರವನ್ನು ಹಂಚುತ್ತದೆ. ಅದನ್ನು ಆಂಟೆನಾದ ಸಮೀಪದಲ್ಲಿಯೇ ಇಡಬಹುದಾದ್ದರಿಂದ ಉದ್ದದ ಕೇಬಲ್ಲಿನ ಸೋರಿಕೆ ತಪ್ಪುತ್ತದೆ. ಎಟಿಎಸ್‌ಸಿಯ ಒಂದು ತರಂಗಾಂತರ ಸೆಕೆಂಡಿಗೆ 19.39 ಮೆಗಾಬಿಟ್ ಹೊರುತ್ತದೆ. ನಾಲ್ಕು ಟ್ಯೂನರ್ ಸೇರಿದರೂ 78 ಮೆಗಾಬಿಟ್ ದಾಟುವುದಿಲ್ಲ, ತಂತಿಯ ನೆಟ್‌ವರ್ಕಿಗೆ ಇದು ಹೊರೆಯಲ್ಲ. ವೈಫೈ ಮೇಲೆ ಮಾತ್ರ ರೆಕಾರ್ಡಿಂಗಿನ ಭಾರ ಹೊರಿಸಬಾರದು. ಸದಾ ಚಾಲೂ ಇರುವ ಒಂದೇ ಡೆಸ್ಕ್‌ಟಾಪ್ ಇದ್ದು, ಆಂಟೆನಾದ ತಂತಿ ಅಲ್ಲಿಯವರೆಗೆ ಸಲೀಸಾಗಿ ಬರುವಂತಿದ್ದರೆ ಕ್ವಾಡ್ಎಚ್‌ಡಿಯಂಥ ಒಳಗಿನ ಕಾರ್ಡಿಗೇ ನನ್ನ ಮತ. ಉಳಿದ ಬಹುತೇಕ ಸಂದರ್ಭಗಳಲ್ಲಿ ನೆಟ್‌ವರ್ಕ್ ಪೆಟ್ಟಿಗೆಯೇ ಮೇಲು.

ಅದು ಮೇಲೆಂದು ಹೇಳಲು ಇನ್ನೊಂದು ಕಾರಣ ಡ್ರೈವರಿನದು: ನೆಟ್‌ವರ್ಕ್ ಮೂಲಕ ಮಾತಾಡುವ ಪೆಟ್ಟಿಗೆ ಒಳಗಿನ ಕಾರ್ಡಿನಷ್ಟು ಡ್ರೈವರನ್ನು ನೆಚ್ಚಿಕೊಂಡಿರುವುದಿಲ್ಲ. ಹೆಸರು ಹೇಳಲಿಚ್ಛಿಸದ ಒಂದು ಕಂಪನಿಯ ಯುಎಸ್‌ಬಿ ಟ್ಯೂನರ್ ನನ್ನ ಬಳಿ ಇದೆ. ವಿಂಡೋಸ್‌ನ ಹೊಸ ಆವೃತ್ತಿ ಬಂದಾಗ ಆ ಕಂಪನಿ ಡ್ರೈವರನ್ನು ಪರಿಷ್ಕರಿಸಲಿಲ್ಲ, ಪತ್ರಕ್ಕೆ ಉತ್ತರವನ್ನೂ ಕೊಡಲಿಲ್ಲ. ಸಾಧನದಲ್ಲಿ ಯಾವ ದೋಷವೂ ಇಲ್ಲದೆ ಅದು ಮೂಲೆ ಸೇರಿತು. ಅದೇ ಟ್ಯೂನರ್ ಲಿನಕ್ಸ್‌ನಲ್ಲಿ ಇಂದಿಗೂ ತಕರಾರಿಲ್ಲದೆ ನಡೆಯುತ್ತಿದೆ, ಏಕೆಂದರೆ ಅದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನ ಭಾಗವಾಗಿದೆ ಮತ್ತು ಅದನ್ನು ನೋಡಿಕೊಳ್ಳುವವರು ಆ ಕಂಪನಿಯ ಮರ್ಜಿಗೆ ಒಳಪಟ್ಟಿಲ್ಲ. ವಿಂಡೋಸ್ ಬಳಸುವವರೂ ಕೂಡ ತಾವು ಕೊಳ್ಳಲಿರುವ ಕಾರ್ಡಿಗೆ ಲಿನಕ್ಸ್ ಕರ್ನೆಲ್ಲಿನಲ್ಲಿ ಬೆಂಬಲವಿದೆಯೇ ಎಂದು ವಿಚಾರಿಸುವುದು ಒಳ್ಳೆಯದು, ಅದು ಕಾರ್ಡಿನ ಆಯುಷ್ಯದ ಅಳತೆಗೋಲು. ಕಾರ್ಡಿನ ಜೊತೆ ಬರುವ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ನಾನು ಬೆಲೆ ಕೊಡುವುದಿಲ್ಲ. ಮೈಕ್ರೋಸಾಫ್ಟ್‌ನಂಥ ಸಂಸ್ಥೆಯೇ 2015ರಲ್ಲಿ ವಿಂಡೋಸ್ 10 ಬಂದಾಗ ಟಿವಿ ರೆಕಾರ್ಡ್ ಮಾಡುತ್ತಿದ್ದ ತನ್ನ ಮೀಡಿಯಾ ಸೆಂಟರ್ ಸಾಫ್ಟ್‌ವೇರನ್ನು ಕೈಬಿಟ್ಟಿತು ಮತ್ತು ಅದನ್ನೇ ನೆಚ್ಚಿಕೊಂಡವರು ಬೇರೆ ದಾರಿ ಹುಡುಕಬೇಕಾಯಿತು. ನೆಕ್ಸ್ಟ್‌ಪಿವಿಆರ್, ಜೆಲ್ಲಿಫಿನ್, ಪ್ಲೆಕ್ಸ್, ಟಿವಿಹೆಡ್‌ಎಂಡ್‌ಗಳಲ್ಲಿ ಯಾವುದನ್ನು ಬಳಸಲಿದ್ದೇವೆ ಎಂದು ಮೊದಲು ತೀರ್ಮಾನಿಸಿ, ಆ ಸಾಫ್ಟ್‌ವೇರ್ ಒಪ್ಪುವ ಟ್ಯೂನರನ್ನು ಆಮೇಲೆ ಆರಿಸುವುದೇ ಸರಿಯಾದ ಕ್ರಮ.

ಡಿಸ್ಕಿನ ಲೆಕ್ಕ ಸುಲಭ. ಒಂದು ಎಟಿಎಸ್‌ಸಿ ತರಂಗಾಂತರದ ಪೂರ್ತಿ ಪ್ರವಾಹವನ್ನು ಒಂದು ಗಂಟೆ ಬರೆದರೆ ಸುಮಾರು 8.7 ಜಿಬಿ ಆಗುತ್ತದೆ, ಉಪಚಾನೆಲ್‌ಗಳ ಜೊತೆ ಹಂಚಿಕೊಂಡ ಎಚ್‌ಡಿ ಚಾನೆಲ್ ಅದಕ್ಕಿಂತ ಕಡಿಮೆ ಜಾಗದಲ್ಲಿ ಮುಗಿಯುತ್ತದೆ. ಬರೆಯುವುದಷ್ಟೇ ಆದರೆ ಹಳೆಯ ಪ್ರೊಸೆಸರಿಗೂ ಇದು ಕಷ್ಟವಲ್ಲ. ಕಷ್ಟವಿರುವುದು ನೋಡುವಾಗ: 1080ಐ ಪ್ರಸಾರದ ಅರ್ಧ ಅರ್ಧ ಗೆರೆಗಳನ್ನು ಸರಿಯಾಗಿ ಹೊಂದಿಸುವುದಾಗಲಿ, ಜರ್ಮನಿಯ ಡಿವಿಬಿ-ಟಿ2ರಲ್ಲಿ ಬಳಸುವ, ಎಚ್‌ಇವಿಸಿ ಎಂಬ ವಿಧಾನದಲ್ಲಿ ಕುಗ್ಗಿಸಿದ ಚಿತ್ರವನ್ನು ಬಿಡಿಸುವುದಾಗಲಿ ಗ್ರಾಫಿಕ್ಸ್ ಚಿಪ್ಪಿನ ಕೆಲಸ, ಟ್ಯೂನರಿನದಲ್ಲ. ಚಲಿಸುವ ದೃಶ್ಯದಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಟ್ಯೂನರನ್ನು ದೂರುವುದು ಅನ್ಯಾಯ.

ಅಮೆರಿಕದ ಓದುಗರಿಗೆ ಎಟಿಎಸ್‌ಸಿಯ ಹೊಸ ಆವೃತ್ತಿಯಾದ ಎಟಿಎಸ್‌ಸಿ 3.0 ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅಲ್ಲಿನ ಸಂಪರ್ಕ ಆಯೋಗವಾದ ಎಫ್‌ಸಿಸಿ 2017ರಲ್ಲಿ ಅದಕ್ಕೆ ಅನುಮತಿ ನೀಡಿತು. ಪ್ರತಿಫಲನವನ್ನು ಎದುರಿಸುವಲ್ಲಿ ಅದು ಹಳೆಯ ಆವೃತ್ತಿಗಿಂತ ಬಹಳ ಸಮರ್ಥ. ಆದರೆ ಹಲವು ಕೇಂದ್ರಗಳು ಆ ಪ್ರಸಾರಕ್ಕೆ ನಕಲು ತಡೆಯುವ ಡಿಆರ್‌ಎಂ ಎಂಬ ಡಿಜಿಟಲ್ ಬೀಗ ಹಾಕಿವೆ, ಮತ್ತು ಬೀಗ ಹಾಕಿದ ಪ್ರಸಾರವನ್ನು ಮುಕ್ತ ಸಾಫ್ಟ್‌ವೇರಿನಿಂದ ರೆಕಾರ್ಡ್ ಮಾಡಿ ನೋಡಲಾಗುವುದಿಲ್ಲ. ಹಿಂದೆಯೂ ಎಫ್‌ಸಿಸಿ ಬ್ರಾಡ್‌ಕಾಸ್ಟ್ ಫ್ಲ್ಯಾಗ್ ಎಂಬ ಇಂಥದ್ದೇ ನಿರ್ಬಂಧವನ್ನು 2003ರಲ್ಲಿ ವಿಧಿಸಿತ್ತು, 2005ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ತೀರ್ಪಿನಿಂದಾಗಿಯೇ ಇಂದು ಎಟಿಎಸ್‌ಸಿ ಕಾರ್ಡುಗಳು ನಮ್ಮ ಡಿಸ್ಕಿಗೆ ಯಾವ ಅಡೆತಡೆಯೂ ಇಲ್ಲದೆ ಬರೆಯುತ್ತಿವೆ. ಜನರ ತರಂಗಾಂತರದಲ್ಲಿ ಬರುವ ಪ್ರಸಾರವನ್ನು ಮನೆಯಲ್ಲಿ ಕಾದಿಟ್ಟುಕೊಳ್ಳುವ ಅನುಕೂಲಕ್ಕೆ ಮತ್ತೆ ಧಕ್ಕೆ ಬರುತ್ತಿರುವುದು ನನಗೆ ನಿಜಕ್ಕೂ ನೋವಿನ ವಿಷಯ. ರೆಕಾರ್ಡಿಂಗೇ ಮುಖ್ಯ ಉದ್ದೇಶವಾಗಿದ್ದರೆ, ಈ ಬೀಗದ ವಿಚಾರ ಇತ್ಯರ್ಥವಾಗುವವರೆಗೆ 3.0 ಟ್ಯೂನರಿಗಾಗಿ ಹೆಚ್ಚುವರಿ ಹಣ ತೆರಬೇಡಿ, ಮೊದಲ ಆವೃತ್ತಿಯ ನಾಲ್ಕು ಟ್ಯೂನರುಗಳೇ ಇರಲಿ.

ಯಾವ ಟ್ಯೂನರ್ ಕೊಂಡರೂ, ಮರಳಿಸುವ ಅವಧಿ ಮುಗಿಯುವುದರೊಳಗೆ ನಿಮಗೆ ಸಿಗುವ ಚಾನೆಲ್‌ಗಳಲ್ಲೇ ಅತ್ಯಂತ ದುರ್ಬಲವಾದುದನ್ನು ಆರಿಸಿ, ಎಲ್ಲ ಟ್ಯೂನರುಗಳೂ ಕೆಲಸದಲ್ಲಿರುವಾಗ ಒಂದು ಸಂಜೆ ಪೂರ್ತಿ ರೆಕಾರ್ಡ್ ಮಾಡಿ, ಸಾಫ್ಟ್‌ವೇರಿನ ಲಾಗ್‌ನಲ್ಲಿ ಕಂಟಿನ್ಯುಯಿಟಿ ಎರರ್‌ಗಳ ಸಂಖ್ಯೆಯನ್ನು ಓದಿ. ಪ್ರತಿ ಪ್ಯಾಕೆಟ್ಟಿನಲ್ಲೂ 0ಯಿಂದ 15ರವರೆಗೆ ಸುತ್ತುವ ಒಂದು ಕ್ರಮಸಂಖ್ಯೆ ಇರುತ್ತದೆ. ಅದರಲ್ಲಿ ಎಲ್ಲಿ ಜಿಗಿತ ಕಂಡಿತೋ ಅಲ್ಲಿ ಪ್ಯಾಕೆಟ್ ಕಳೆದಿದೆ. ಆಂಟೆನಾ ಮತ್ತು ಕೇಬಲ್ ಸರಿಯಾಗಿದ್ದು, ಅದೇ ತಂತಿಯನ್ನು ಟಿವಿಗೆ ಜೋಡಿಸಿದಾಗ ಚಿತ್ರ ಒಡೆಯದೆ, ಕಂಪ್ಯೂಟರಿನಲ್ಲಿ ಮಾತ್ರ ಆ ಸಂಖ್ಯೆ ಏರುತ್ತಲೇ ಇದ್ದರೆ, ಟ್ಯೂನರನ್ನು ಪೆಟ್ಟಿಗೆಗೆ ಹಾಕಿ ಅಂಗಡಿಗೆ ಮರಳಿಸಿ.