ಕೋರ್ಸೇರ್ ಸಿವಿ450 ಎಸ್‌ಎಂಪಿಎಸ್: ವಿಜಯಪುರದ ಮೂರು ಬೇಸಿಗೆ ಕಳೆದ ಮೇಲೆ

ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿಯೇ ಎಸ್‌ಎಂಪಿಎಸ್. ಈ ಸಿವಿ450 ತಗೊಂಡಿದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷದ ವಾರಂಟಿ ಈಗ ಮುಗಿದಿದೆ. ಹಾಕಿಸಿದ ದಿನದಿಂದ ಇವತ್ತಿನವರೆಗೆ ನನ್ನ ಕಂಪ್ಯೂಟರ್ ಒಂದು ಸಲವೂ ತಾನಾಗಿ ಬಂದ್ ಆಗಿಲ್ಲ. ವಿಮರ್ಶೆ ಅಂತ ಇಷ್ಟೇ ಬರೆದರೂ ನಡೆಯುತ್ತಿತ್ತು. ಆದರೆ ಇದನ್ನು ಕೊಳ್ಳುವ ಮೊದಲು ಎರಡು ತಿಂಗಳು ಪಟ್ಟ ಪಾಡು ಇನ್ನೂ ಮರೆತಿಲ್ಲ, ಅದೇ ದಾರಿಯಲ್ಲಿ ಇನ್ನೊಬ್ಬರು ದುಡ್ಡು ಕಳ್ಕೋಬಾರದು ಅಂತ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಮನೆ ಜಲನಗರದಲ್ಲಿ. ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಲಗ್ನ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ. ನುಡಿಯಲ್ಲಿ ಟೈಪು, ಕೋರೆಲ್ ಡ್ರಾದಲ್ಲಿ ಡಿಸೈನು. ಸಿಸ್ಟಮ್ 2017ರಲ್ಲಿ ಅಸೆಂಬಲ್ ಮಾಡಿಸಿದ್ದು, ಸೆವೆಂತ್ ಜನರೇಶನ್ ಐ3. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದರಲ್ಲಿದ್ದ ಹಳೆಯ ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು. ಮೇಲೆ 450 ವ್ಯಾಟ್ ಅಂತಲೇ ಚೀಟಿ ಅಂಟಿಸಿದ್ದರು, ಆದರೆ ಕೈಯಲ್ಲಿ ಎತ್ತಿದರೆ ಖಾಲಿ ಡಬ್ಬಿಯಷ್ಟು ಹಗುರ.

2022ರ ಮಾರ್ಚ್‌ನಲ್ಲಿ ಕಾಟ ಶುರುವಾಯಿತು. ಕೆಲಸ ಮಾಡುತ್ತಿರುವಾಗಲೇ ಠಪ್ ಅಂತ ಬಂದ್. ನೀಲಿ ಪರದೆ ಇಲ್ಲ, ಏನೂ ಸೂಚನೆ ಇಲ್ಲ, ವೈರ್ ಕಿತ್ತ ಹಾಗೆ ಒಂದೇ ಸಲ ಕತ್ತಲೆ. ಇದನ್ನು ಮೊದಲು ಗಮನಿಸಿ. ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುವುದಾದರೆ ಸಾಮಾನ್ಯವಾಗಿ ರ‍್ಯಾಮ್, ಡ್ರೈವರ್, ಹಾರ್ಡ್ ಡಿಸ್ಕ್ ಕಡೆ ಹುಡುಕಬೇಕು. ಸುಮ್ನೆ ಕತ್ತಲಾದರೆ ಕರೆಂಟು ಇಲ್ಲವೇ ಬಿಸಿ, ಈ ಎರಡರ ಕಡೆ ಮೊದಲು ನೋಡಬೇಕು.

ನಮ್ಮ ಊರಲ್ಲಿ ಏಪ್ರಿಲ್ ಅಂದರೆ 40 ಡಿಗ್ರಿ, ಹಾಗಾಗಿ ನಾನು ಬಿಸಿಯನ್ನೇ ಹಿಡಿದುಕೊಂಡೆ. ಕ್ಯಾಬಿನೆಟ್ ಬಾಗಿಲು ತೆಗೆದರೆ ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಉಗುರಿನಿಂದ ಎಬ್ಬಿಸಿದರೆ ಒಂದೇ ತುಂಡಾಗಿ ಎದ್ದು ಬಂತು. ಪ್ರೊಸೆಸರ್‌ನ ಬಿಸಿಯನ್ನು ಮೇಲಿನ ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದಂತೆ ಉದುರುತ್ತಿತ್ತು. ಹೊಸ ಪೇಸ್ಟ್ ಹಾಕಿಸಿದೆ. ಕೆಲಸದ ಹೊತ್ತಿನಲ್ಲಿ 84 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರ್ 60ರ ಒಳಗೆ ಬಂತು. ಖುಷಿಯಾಯಿತು. ಎರಡು ದಿನ ಚೆನ್ನಾಗಿ ನಡೆಯಿತು, ಮೂರನೇ ದಿನ ಮತ್ತೆ ಠಪ್.

ಆಮೇಲೆ ಯುಪಿಎಸ್ ಬ್ಯಾಟರಿ ಹಳೆಯದು ಅಂತ ಹೇಳಿದರು, ಅದನ್ನೂ ಬದಲಿಸಿದೆ. ಫಲ ಇಲ್ಲ. ಒಂದು ಅಂಗಡಿಯಲ್ಲಿ ಹತ್ತು ನಿಮಿಷ ನೋಡಿ, "ಅಕ್ಕಾರ, ಮದರ್‌ಬೋರ್ಡ್ ಹೋಗೇದ್ರಿ, ಹೊಸಾ ಸಿಸ್ಟಮ್ ತಗೊಂಡ್ಬಿಡ್ರಿ" ಅಂದರು. ಕೈಯಲ್ಲಿ ಹನ್ನೊಂದು ಲಗ್ನ ಪತ್ರಿಕೆ ಇದ್ದವು. ಮುಹೂರ್ತ ನಮಗಾಗಿ ಕಾಯುತ್ತದೆಯೇ? ಅವತ್ತು ರಾತ್ರಿ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಹೊಸದು ಕೊಳ್ಳುವ ಮುಂಚೆ ಒಂದು ವಾರ ಬರೆದಿಟ್ಟುಕೊಂಡು ನೋಡೋಣ ಅಂದುಕೊಂಡೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಷ್ಟು ಗಂಟೆಗೆ ಬಂದ್ ಆಯಿತು, ಆಗ ಏನು ಮಾಡುತ್ತಿದ್ದೆ, ಇಷ್ಟೇ. ಸಿಸ್ಟಮ್‌ನಲ್ಲಿ ಏನೇನಾಯಿತು ಅಂತ ದಾಖಲೆ ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲೂ ನೋಡಿದೆ, ಪ್ರತಿ ಸಲವೂ ಕರ್ನಲ್ ಪವರ್ 41 ಅಂತ ಇತ್ತು. ಅದನ್ನು ನೋಡಿ ಗಾಬರಿ ಆಗಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಮ್ ನಿಂತಿತ್ತು ಅಂತ ಮಾತ್ರ ಅದರ ಅರ್ಥ, ಕಾರಣ ಏನು ಅಂತ ಅದು ಹೇಳುವುದಿಲ್ಲ. ಕಾರಣ ಸಿಕ್ಕಿದ್ದು ಹಾಲಿನ ಪುಸ್ತಕದಲ್ಲಿ. ಹೆಚ್ಚು ಕಡಿಮೆ ಎಲ್ಲಾ ಸಲವೂ ಎರಡೇ ಸಂದರ್ಭ: ಕೋರೆಲ್‌ನಿಂದ ದೊಡ್ಡ ಪಿಡಿಎಫ್ ತೆಗೆಯುವಾಗ, ಇಲ್ಲವೇ ಕರೆಂಟ್ ಏರುಪೇರಾಗಿ ಯುಪಿಎಸ್ 'ಟಕ್' ಅಂದಾಗ.

ನಮ್ಮ ಓಣಿಯಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ ಇದ್ದಾನೆ. ಹಾಳೆ ತೋರಿಸಿದೆ. ಮಲ್ಟಿಮೀಟರ್ ತಂದ. ಒಳಗೆ ಖಾಲಿ ಇದ್ದ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಹಳದಿ ವೈರಿಗೆ ಒಂದು ಮುಳ್ಳು, ಕಪ್ಪಿಗೆ ಒಂದು. ಸುಮ್ಮನಿದ್ದಾಗ 11.8 ವೋಲ್ಟ್. "ಅಕ್ಕಾರ, ಈಗ ಪಿಡಿಎಫ್ ತೆಗೀರಿ" ಅಂದ. ತೆಗೆದೆ. ಇಬ್ಬರೂ ಉಸಿರು ಹಿಡಿದು ಮೀಟರನ್ನೇ ನೋಡುತ್ತಿದ್ದೆವು. 11.5, 11.3, 11.2, ಠಪ್. ಆ ಹಳದಿ ವೈರೇ 12 ವೋಲ್ಟ್ ಲೈನು, ಅದು ಐದು ಪರ್ಸೆಂಟ್ ಹೆಚ್ಚು ಕಡಿಮೆ ಆಗಬಹುದು, ಅಂದರೆ 11.4ರಿಂದ 12.6ರ ಒಳಗೆ ಇರಬೇಕು ಅಂತ ಅವನೇ ಹೇಳಿದ. ಅದು ಸಾಲದು ಅಂತ ಗೆಳೆಯನ ಸಿಸ್ಟಮ್‌ನಿಂದ ಎಸ್‌ಎಂಪಿಎಸ್ ಬಿಚ್ಚಿ ತಂದು ಹಾಕಿ ಒಂದು ಇಡೀ ದಿನ ಓಡಿಸಿದ. ಹದಿನಾಲ್ಕು ಪಿಡಿಎಫ್ ತೆಗೆದೆ, ಒಂದು ಸಲವೂ ಬಂದ್ ಆಗಲಿಲ್ಲ. ಮದರ್‌ಬೋರ್ಡ್ ಚೆನ್ನಾಗಿಯೇ ಇತ್ತು! ಅದೇ ಬೋರ್ಡ್ ಇವತ್ತೂ ನಡೆಯುತ್ತಿದೆ.

ಯುಪಿಎಸ್ 'ಟಕ್' ಅಂದಾಗ ಯಾಕೆ ಬಂದ್ ಆಗುತ್ತಿತ್ತು ಅನ್ನುವುದೂ ಆಮೇಲೆ ತಿಳಿಯಿತು. ಮನೆಯಲ್ಲಿ ಬಳಸುವ ಯುಪಿಎಸ್ ಕರೆಂಟಿನಿಂದ ಬ್ಯಾಟರಿಗೆ ಬರಲು ಕೆಲವು ಮಿಲಿಸೆಕೆಂಡ್ ತಗೊಳ್ಳುತ್ತದೆ. ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ತುಂಬಿಟ್ಟುಕೊಂಡ ಕರೆಂಟಿನ ಮೇಲೆ ನಡೆಸಬೇಕು. ಹಳೆಯದನ್ನು ಆ ಹುಡುಗ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿ ತೋರಿಸಿದ, ಕೆಪಾಸಿಟರ್‌ಗಳ ತಲೆ ಪೂರಿಯ ಹಾಗೆ ಉಬ್ಬಿ ಒಂದರ ಬುಡದಲ್ಲಿ ಕಂದು ಅಂಟು ಒಸರಿತ್ತು. ದಯವಿಟ್ಟು ಇದನ್ನು ನೀವು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಜೀವಕ್ಕೆ ಅಪಾಯ ಆಗುವಷ್ಟು ಕರೆಂಟ್ ಉಳಿದಿರುತ್ತದೆ.

ಈಗ ಸಿವಿ450 ಬಗ್ಗೆ. ನನಗೆ ಮೂರು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು. ಕರೆಂಟು ಕಡಿಮೆ ಪೋಲು ಮಾಡುತ್ತದೆ ಅನ್ನುವುದಕ್ಕೆ ಕೊಡುವ 80 ಪ್ಲಸ್ ಬ್ರಾಂಝ್ ದರ್ಜೆ ಇದೆ. ನನ್ನಂಥ ಸಿಸ್ಟಮ್ 100 ವ್ಯಾಟ್ ದಾಟುವುದೇ ಅಪರೂಪ, ಹಾಗಾಗಿ 450 ಬೇಕಾದಷ್ಟಾಯಿತು, 650ಕ್ಕೆ ದುಡ್ಡು ಹಾಕುವ ಅಗತ್ಯ ಇಲ್ಲ. ಅದೇ ಪಿಡಿಎಫ್ ತೆಗೆಯುತ್ತಾ ಅಳೆದರೆ 12.0 ತೋರಿಸಿತು, ಈ ವರ್ಷ ಮತ್ತೆ ಅಳೆಸಿದಾಗಲೂ ಅಷ್ಟೇ. ಫ್ಯಾನ್ ಸದ್ದು ರಾತ್ರಿ ಹೊತ್ತು ಮಾತ್ರ ಸ್ವಲ್ಪ ಕೇಳುತ್ತದೆ, ಏರ್ ಕೂಲರ್ ಹಾಕಿದ್ದರೆ ಅದೂ ಇಲ್ಲ. ಕೇಬಲ್‌ಗಳು ಬಿಚ್ಚಿಡಲು ಬರುವಂಥವಲ್ಲ, ಬೇಡವಾದವನ್ನೂ ಒಳಗೇ ಮಡಚಿ ಕಟ್ಟಬೇಕು. ನನ್ನ ಸಣ್ಣ ಕ್ಯಾಬಿನೆಟ್‌ನಲ್ಲಿ ಇದಕ್ಕೇ ಅರ್ಧ ಗಂಟೆ ಹೋಯಿತು. ಅರ್ಧ ಅಂಕ ಅದಕ್ಕೆ ಕಡಿಮೆ. ಐದಕ್ಕೆ ನಾಲ್ಕೂವರೆ.

ಇದರಲ್ಲಿ ಆಕ್ಟಿವ್ ಪಿಎಫ್‌ಸಿ, ಅಂದರೆ ಗೋಡೆಯ ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ವ್ಯವಸ್ಥೆ ಇದೆ. ಕೆಲವು ಅಗ್ಗದ ಯುಪಿಎಸ್‌ಗಳ ಜೊತೆ ಇಂಥ ಎಸ್‌ಎಂಪಿಎಸ್‌ಗಳು ಸರಿಹೊಂದುವುದಿಲ್ಲ ಅಂತ ಓದಿ ಹೆದರಿದ್ದೆ. ನನ್ನ 600 ವಿಎ ಯುಪಿಎಸ್ ಜೊತೆ ತೊಂದರೆ ಬಂದಿಲ್ಲ. ಆದರೂ ಹಾಕಿದ ದಿನವೇ ಕೆಲಸ ಸೇವ್ ಮಾಡಿ, ಯುಪಿಎಸ್‌ಗೆ ಹೋಗುವ ಮೇನ್ ಸ್ವಿಚ್ ಆರಿಸಿ ನೋಡಿಬಿಡಿ. ಲೇಸರ್ ಪ್ರಿಂಟರ್ ಅನ್ನು ಮಾತ್ರ ಯುಪಿಎಸ್‌ಗೆ ಕೊಡಬೇಡಿ. ಬಿಸಿಯಾಗುವಾಗ ಅದು ಎಳೆಯುವ ಕರೆಂಟು ಸಣ್ಣ ಯುಪಿಎಸ್‌ಗೆ ತಡೆಯುವುದಿಲ್ಲ.

ಇನ್ನೊಂದು ಮಾತು, ಅರ್ಥಿಂಗ್. ಹೊಸದು ಹಾಕಿದ ಮೇಲೂ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಎಸ್‌ಎಂಪಿಎಸ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ನಮ್ಮ ಹಳೆಯ ಮನೆಯ ಮೂರನೇ ಪಿನ್ನಿಗೆ ವೈರೇ ಕೊಟ್ಟಿರಲಿಲ್ಲ. ಗುಂಡಿ ತೋಡಿಸಿ ಅರ್ಥಿಂಗ್ ಮಾಡಿಸಿದೆ, ಜುಮ್ ಅನ್ನುವುದು ನಿಂತಿತು. ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುವುದರಿಂದ ವಾರಕ್ಕೊಮ್ಮೆ ಆ ಗುಂಡಿಗೆ ಒಂದು ಕೊಡ ನೀರು ಹಾಕುತ್ತೇನೆ.

ಮೊನ್ನೆ ಏಪ್ರಿಲ್‌ನಲ್ಲಿ ಒಂದೇ ಮಧ್ಯಾಹ್ನ ಯುಪಿಎಸ್ ಆರು ಸಲ 'ಟಕ್' ಅಂದಿತು. ಪರದೆ ಮೇಲೆ ಲಗ್ನ ಪತ್ರಿಕೆ ಹಾಗೇ ಇತ್ತು. ವಧುವಿನ ಹೆಸರಿನ ಕೆಳಗೆ ಹೂವಿನ ಬಳ್ಳಿ ಜೋಡಿಸುತ್ತಿದ್ದೆ, ಜೋಡಿಸುವುದನ್ನು ಮುಂದುವರಿಸಿದೆ.