ಎಂಎಸ್ಸಿ ಹ್ಯೂಮನ್ ಡೆವಲಪ್‌ಮೆಂಟ್ ಅಂಡ್ ಫ್ಯಾಮಿಲಿ ಸ್ಟಡೀಸ್: ನನ್ ಕಡೆಯಿಂದ 5ಕ್ಕೆ 3.5

ಕಾಲೇಜಿನ ಹೆಸರು ಹಾಕಲ್ಲ, ಅಲ್ಲಿಂದ ಇನ್ನೂ ಒಂದು ಸರ್ಟಿಫಿಕೇಟ್ ಬರೋದಿದೆ 😄 ಹೋಮ್ ಸೈನ್ಸ್ ಡಿಗ್ರಿ ಮುಗಿಸಿ ಇದಕ್ಕೆ ಸೇರ್ತೀನಿ ಅಂದಾಗ ದೊಡ್ಡಮ್ಮ ಕೇಳಿದ್ದು ಒಂದೇ, "ಮಕ್ಳು ಸಾಕೋಕೂ ಎಂಎಸ್ಸಿ ಬೇಕೇನೇ?"

ಕೊಟ್ಟ ಫೀಸಿಗೆ ಮೋಸ ಇಲ್ಲ ಅನ್ಸಿದ್ದು ಲ್ಯಾಬ್ ನರ್ಸರಿಯಲ್ಲಿ. ಕ್ಯಾಂಪಸ್ ಒಳಗೇ ಪುಟ್ಟ ಸ್ಕೂಲು, ನಾವು ಮೂಲೇಲಿ ಕೂತು ಒಂದು ಮಗೂನ ನೋಡ್ತಾ ನೋಡಿದ್ದನ್ನ ಬರೀಬೇಕು, ಇದೇನ್ ಮಹಾ ಅನ್ಕೊಂಡಿದ್ದೆ. ಮೊದಲ ದಿನ "ಮಗು ಹಠ ಮಾಡಿತು" ಅಂತ ಬರೆದೆ, ಮೇಡಂ ಕೆಂಪು ಪೆನ್ನಲ್ಲಿ ಹೊಡೆದು ಹಾಕಿ "ಹಠ ಕಣ್ಣಿಗೆ ಕಾಣುತ್ತೇನಮ್ಮಾ? ಏನ್ ಮಾಡ್ತು ಅದನ್ನ ಬರಿ" ಅಂದ್ರು. ಯೋಚನೆ ಮಾಡಿದ್ರೆ ಆ ಮಗು ಮಾಡಿದ್ದಿಷ್ಟೇ, ನೀಲಿ ಬ್ಲಾಕ್ ಬಿಗಿಯಾಗಿ ಹಿಡ್ಕೊಂಡು, ಕೂತ್ಕೋ ಅಂದ್ರೂ ಕೂರದೆ, ಅವ್ರಮ್ಮ ಹೋದ ಬಾಗಿಲು ನೋಡ್ತಾ ನಿಂತಿತ್ತು. ಆ ಕೆಂಪು ಗೆರೆ ಕಲಿಸಿದಷ್ಟು ಯಾವ ಲೆಕ್ಚರೂ ಕಲಿಸ್ಲಿಲ್ಲ.

ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ನೋಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಪ್ರಯೋಗ ಮನೇಲೇ ಮಾಡಿ ನೋಡಿ. ಅಕ್ಕನ ಐದು ವರ್ಷದ ಮಗನ ಮುಂದೆ ಎರಡು ಲೋಟಕ್ಕೆ ಸಮವಾಗಿ ಮಜ್ಜಿಗೆ ಹಾಕಿ, ಒಂದನ್ನ ಉದ್ದ ಗ್ಲಾಸಿಗೆ ಸುರಿದೆ, ಉದ್ದದ್ರಲ್ಲೇ ಜಾಸ್ತಿ ಅಂದ. ವಾಪಸ್ ಲೋಟಕ್ಕೆ ಸುರಿದ್ರೆ ಸಮ ಅಂತಾನೆ, ಮತ್ತೆ ಗ್ಲಾಸಿಗೆ ಹಾಕಿದ್ರೆ ಮತ್ತೆ ಜಾಸ್ತಿ! ಏಳರ ಆಸುಪಾಸು ಬರೋವರೆಗೂ ಮಕ್ಳಿಗೆ ಹೀಗೇ ಅಂತ ನಾನು ನೋಟ್ಸ್ ಮಾಡ್ಕೊಳ್ಳೋಷ್ಟರಲ್ಲಿ "ಜಾಸ್ತಿ ಇರೋದು ನಂಗೆ" ಅಂತ ಗ್ಲಾಸ್ ಎತ್ಕೊಂಡು ಓಡಿದ.

ಈಗ ದೂರು. ಡಾಸಿ ಅಂತ ಒಂದು ಟೆಸ್ಟ್ ಇದೆ, ಹುಟ್ಟಿದಾಗಿಂದ 30 ತಿಂಗಳವರೆಗಿನ ಮಕ್ಕಳ ಬೆಳವಣಿಗೆ ನೋಡೋಕೆ, ಮೋಟಾರ್ (ಮೈ-ಕೈ ಚಲನೆ) 67, ಮೆಂಟಲ್ (ಬುದ್ಧಿ) 163 ಐಟಂ, ನಮ್ಮ ದೇಶದ ಮಕ್ಕಳನ್ನೇ ನೋಡಿ ಮಾಡಿದ್ದು, ಒಳ್ಳೇ ಸ್ಕೇಲು. ನಮ್ಮಲ್ಲಿ ಇಡೀ ಕ್ಲಾಸಿಗೆ ಒಂದೇ ಕಿಟ್, ಅದ್ರಲ್ಲಿ ಮಗು ಮುಂದೆ ಬಾರಿಸೋ ಗಂಟೇನೇ ಕಳೆದುಹೋಗಿತ್ತು, ಫ್ರೆಂಡ್ ಒಬ್ಬಳು ದೇವರಮನೆ ಗಂಟೆ ತಂದ್ಲು, ಅದ್ರಲ್ಲೇ ಸ್ಟ್ಯಾಂಡರ್ಡ್ ಟೆಸ್ಟ್ ನಡೀತು. ಫ್ಯಾಮಿಲಿ ಸ್ಟಡೀಸ್ ಭಾಗ ಸಪ್ಪೆ. ಮಗು ಸುತ್ತ ಮನೆ, ಸ್ಕೂಲು, ಸಮಾಜ ಅಂತ ಒಂದರ ಹೊರಗೊಂದು ಬರೆಯೋ ಬ್ರಾನ್‌ಫೆನ್‌ಬ್ರೆನರ್ ಸರ್ಕಲ್‌ಗಳನ್ನ ಮೂರು ಪೇಪರಲ್ಲಿ ಬಿಡಿಸಿದೀನಿ, ನಮ್ಮೂರಿನ ಒಂದು ಕೂಡು ಕುಟುಂಬದ ಬಗ್ಗೆ ಒಂದು ಪ್ರಶ್ನೆ ಬರ್ಲಿಲ್ಲ.

ಕೆಲಸದ ವಿಷಯ ಸರಿಯಾಗಿ ಕೇಳ್ಕೊಳ್ಳಿ. ಸ್ಪೆಷಲ್ ಎಜುಕೇಟರ್ ಆಗ್ಬೋದು ಅಂತ ಸೀನಿಯರ್ಸ್ ಹೇಳಿದ್ರು, ಇಂಟರ್‌ವ್ಯೂಗೆ ಹೋದ್ರೆ ಮೊದಲ ಪ್ರಶ್ನೆಯೇ "ಆರ್‌ಸಿಐ ನಂಬರ್ ಇದ್ಯಾ?" ಅಂತ. ಆರ್‌ಸಿಐ ಅಂದ್ರೆ ರೀಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, ಆ ನಂಬರ್‌ಗೆ ಅವ್ರು ಒಪ್ಪಿರೋ ಕೋರ್ಸ್ ಬೇರೇನೇ ಮಾಡಿರ್ಬೇಕು, ಎರಡು ವರ್ಷದಲ್ಲಿ ಒಬ್ರೂ ಬಾಯಿ ಬಿಟ್ಟಿರ್ಲಿಲ್ಲ. ಕಾಲೇಜಲ್ಲಿ ಪಾಠ ಮಾಡೋಕೆ ಬರೆಯೋ ಯುಜಿಸಿ ನೆಟ್‌ಗೂ ನಮ್ಮ ಸಬ್ಜೆಕ್ಟ್ ಪ್ರತ್ಯೇಕ ಇಲ್ಲ, ಹೋಮ್ ಸೈನ್ಸ್ ಪೇಪರ್ ಬರೀಬೇಕು, ಅಂದ್ರೆ ಬಟ್ಟೆ, ಆಹಾರ, ಎಕ್ಸ್‌ಟೆನ್ಷನ್ (ಜನಕ್ಕೆ ಮಾಹಿತಿ ತಲುಪಿಸೋದು) ಎಲ್ಲಾ ಮತ್ತೆ ತಿರುವಿ ಹಾಕ್ಬೇಕು. ನಾನೀಗ ಒಂದು ಪ್ರೀಸ್ಕೂಲಲ್ಲಿದೀನಿ, ಸಂಬಳ ಕೇಳ್ಬೇಡಿ.

ಆದ್ರೂ ಸೇರೋ ಮನಸ್ಸಿದ್ರೆ ಪ್ರಾಸ್ಪೆಕ್ಟಸ್ ನಂಬ್ಕೊಂಡು ಕೂರ್ಬೇಡಿ, ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಅವ್ರ ಲ್ಯಾಬ್ ನರ್ಸರಿ ನೋಡ್ಕೊಂಡು ಬನ್ನಿ. ಒಳಗೆ ಗಲಾಟೆ ಕೇಳಿದ್ರೆ ಸೇರಿ, ಬೀಗ ಹಾಕಿದ್ರೆ ಹಾಗೇ ಬಸ್ ಹತ್ತಿ.