ಕೋಡಿಬಾಗದ ಡಾಲ್ಫಿನ್ ದೋಣಿ: ಸವಾರಿಗೆ ಪೂರ್ತಿ ಅಂಕ, ಹೇಳುವ ಕಥೆಗೆ ಇಲ್ಲ

ಕಳೆದ ವಾರ ಮೊಮ್ಮಕ್ಕಳ ಜೊತೆ ಕಾರವಾರದ ಕೋಡಿಬಾಗದಿಂದ ದೇವಗಡ ದೀಪಸ್ತಂಭದ ಕಡೆಗೆ ಹೋಗುವ ದೋಣಿ ಹತ್ತಿದ್ದೆ. ದೋಣಿ ಸ್ವಚ್ಛವಾಗಿತ್ತು. ಲೈಫ್ ಜಾಕೆಟ್ ಹಾಕಿಕೊಳ್ಳದೆ ಯಾರನ್ನೂ ಕೂರಿಸಲಿಲ್ಲ. ಕಾಳಿ ನದಿ ಸಮುದ್ರ ಸೇರುವಲ್ಲಿ ಅಲೆ ಎದ್ದರೂ ದೋಣಿ ನಡೆಸುವ ಹುಡುಗ ಎಂಜಿನ್ ತಗ್ಗಿಸಿ ನಿಧಾನವಾಗಿ ದಾಟಿಸಿದ. ಕೂರ್ಮಗಡ ದ್ವೀಪದ ಹತ್ತಿರ ಡಾಲ್ಫಿನ್ ಕಂಡವು. ಇಷ್ಟಕ್ಕೆ ದೂರೇನೂ ಇಲ್ಲ.

ದೇವಗಡ ಸಮೀಪಿಸಿದಾಗ ದಕ್ಷಿಣಕ್ಕೆ ಅಂಜದೀವ್ ದ್ವೀಪ ಕಂಡಿತು. ಹುಬ್ಬಳ್ಳಿಯ ಹೆಂಗಸೊಬ್ಬರು ಅದೇನೆಂದು ಕೇಳಿದರು. 'ನೇವಿ ಜಾಗ ಅಕ್ಕಾ, ಪಾಕಿಸ್ತಾನದ ಯುದ್ಧದಲ್ಲಿ ಗೆದ್ದದ್ದು' ಎಂದ ಹುಡುಗ. ನನ್ನ ಜೀವ ಚುರ್ರೆಂದಿತು.

ನಾನು ಬಿಣಗಾದವನು. 1961ರ ನವೆಂಬರಿನಲ್ಲಿ ಗೋವಾದ ಜೊತೆ ಆ ದ್ವೀಪವನ್ನೂ ಆಳುತ್ತಿದ್ದ ಪೋರ್ಚುಗೀಸರು, ನನ್ನ ಬಾಬಾ (ಅಪ್ಪ) ಹೇಳುವಂತೆ ಪಾಕ್ಲೆ, ಅಲ್ಲಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳು ಅವರ ಗುಂಡಿಗೆ ಮೀನುಗಾರನೊಬ್ಬ ಸತ್ತ. ಬಂಗಡೆ ಸಿಗುವ ಹಂಗಾಮು ಅದು; ಆದರೂ ಬಾಬಾ ಪಾತಿ ದೋಣಿಯನ್ನು ಮರಳಿನ ಮೇಲೆ ಎಳೆದಿಟ್ಟರು. ರಂಪಣಿ ಬಲೆ ಮನೆಯ ಮುಂದೆ ಒಣಗಿತ್ತು. ಆಯಿ ಸಂಜೆಯಾದರೆ ನಮ್ಮನ್ನು ದಂಡೆಗೆ ಬಿಡುತ್ತಿರಲಿಲ್ಲ. ಐದನೇ ಇಯತ್ತೆಯಲ್ಲಿದ್ದ ನನಗೆ ಗಡಿ ಎಂದರೆ ಗೋವಾ ದಾರಿಯಲ್ಲಿರುವ ಮಾಜಾಳಿಯ ಗೇಟು ಎಂದಷ್ಟೇ ಗೊತ್ತಿತ್ತು. ನೀರಿನಲ್ಲೂ ಗಡಿ ಇದೆ ಎಂದು ತಿಳಿದದ್ದು ಆಗ.

ಡಿಸೆಂಬರ್ 18ರಂದು ನಮ್ಮ ನೌಕಾಪಡೆಯ ಹಡಗು ಐಎನ್‌ಎಸ್ ತ್ರಿಶೂಲ್‌ನ ನಾವಿಕರು ಅಲ್ಲಿ ಇಳಿದರು. ಏಳು ಮಂದಿ ಮರಳಲಿಲ್ಲ. ಅದೇ ದಿನ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ತುರ್ಕಿ ಸೇರಿ ಗೋವಾಕ್ಕೆ ನುಗ್ಗಿದ ಭಾರತದ ಸೇನೆ ಹಿಂದೆ ಸರಿಯಬೇಕೆಂಬ ಠರಾವು ಮಂಡಿಸಿದವು. ಪರವಾಗಿ 7, ವಿರುದ್ಧ 4 ಮತ. ಸೋವಿಯತ್ ವೀಟೋದಿಂದ ಅದು ಬಿದ್ದುಹೋಯಿತು. ಮರುದಿನ ಗೋವಾದಲ್ಲಿ ಪೋರ್ಚುಗೀಸರು ಶರಣಾದರು. ಲಿಸ್ಬನ್‌ನಲ್ಲಿದ್ದ ಪೋರ್ಚುಗಲ್ ಸರ್ಕಾರ ಮಾತ್ರ ಒಪ್ಪಲಿಲ್ಲ. 1974ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ವಾಧಿಕಾರ ಉರುಳಿ, ವರ್ಷದ ಕೊನೆಯ ದಿನ ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆಯೇ ಅವರು ಗೋವಾದ ಮೇಲೆ ಭಾರತದ ಒಡೆತನ ಮಾನ್ಯ ಮಾಡಿದ್ದು. ನಮ್ಮ ಬಿಣಗಾಕ್ಕೆ ಇಷ್ಟು ಹತ್ತಿರವಿದ್ದರೂ ದ್ವೀಪ ಇವತ್ತಿಗೂ ಗೋವಾದ ಲೆಕ್ಕಕ್ಕೇ ಸೇರಿದೆ.

ಇದನ್ನೆಲ್ಲ ದೋಣಿಯಲ್ಲೇ ಹೇಳಿದೆ. ಹುಡುಗ ಎಂಜಿನ್ ಬಂದ್ ಮಾಡಿ ಕೇಳಿದ. 'ನಮ್ಮ ಅಜ್ಜನೂ ಬೈತಖೋಲದಲ್ಲಿ ಬಲೆ ಹಾಕುತ್ತಿದ್ದರು ಕಾಕಾ, ನಮಗ್ಯಾರೂ ಹೇಳಲಿಲ್ಲ' ಎಂದ. ತಪ್ಪು ಅವನದ್ದಲ್ಲ. ದೋಣಿಯ ಮಾಲೀಕರು ಹುಡುಗರಿಗೆ ಈಜು, ಎಂಜಿನ್ ರಿಪೇರಿ ಕಲಿಸಿದ್ದಾರೆ. ಇದನ್ನೂ ಒಂದು ಗಂಟೆ ಕೂರಿಸಿ ಹೇಳಿಕೊಡಬೇಕು. ಅವರು ಕರೆದರೆ ನಾನೇ ಬರುತ್ತೇನೆ.

ಹೋಗುವವರು ಬೆಳಿಗ್ಗೆ ಬೇಗ, ಸಮುದ್ರ ಶಾಂತವಿರುವಾಗ ಹೊರಡಿ. ಹೋಗುವಾಗ ಎಡಬದಿಗೆ ಕುಳಿತರೆ ಅಂಜದೀವ್ ಚೆನ್ನಾಗಿ ಕಾಣುತ್ತದೆ.